ಟಿವಿ ಕೊಳ್ಳುವ ಮುಂಚೆ ನಿಮ್ಮ ಪಡಸಾಲೆ ನೋಡಿ

ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಗೆ ಎರಡು ವರ್ಷದ ಹಿಂದೆ 65 ಇಂಚಿನ ಓಎಲ್‌ಇಡಿ ಟಿವಿ ಕೂರಿಸಿದ್ದೆ. ಹೆಸರಾದ ಕಂಪನಿ, ಎರಡು ಲಕ್ಷದ ಹತ್ತಿರದ ಬೆಲೆ. ಮೊನ್ನೆ ಆ ಮನೆಯವರೇ ಫೋನ್ ಮಾಡಿ ಕರೆದರು. ಪರದೆಯ ಕೆಳಗೆ ಉದ್ದಕ್ಕೂ ಒಂದು ಮಾಸಿದ ಪಟ್ಟಿ. ಮೇಲಿನ ಮೂಲೆಯಲ್ಲಿ ಸುದ್ದಿ ಚಾನೆಲ್ಲಿನ ಲೋಗೊದ ನೆರಳು. ಸಿನಿಮಾ ಹಾಕಿದರೂ ಎರಡೂ ಅಲ್ಲೇ ಇರುತ್ತವೆ. ಮನೆಯ ಅಜ್ಜಾರು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅದೊಂದೇ ಚಾನೆಲ್ ನೋಡುತ್ತಾರೆ. ನಾನು ಟಿವಿ ಕೂರಿಸಲು ಹೋದ ದಿನವೂ ಅವರು ಅದೇ ಕುರ್ಚಿಯಲ್ಲಿ ಕೂತಿದ್ದರು. ‘ಅಜ್ಜಾರ, ಏನ್ ಜಾಸ್ತಿ ನೋಡ್ತೀರಿ?’ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಅಂಗಡಿಗೆ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಸರ, ಯಾವ ಕಂಪನಿ ಚಲೋ ಐತ್ರಿ?’ ನಾನು ಈಗ ಅದಕ್ಕೆ ತಟ್ಟನೆ ಉತ್ತರ ಕೊಡುವುದಿಲ್ಲ. ಟಿವಿ ಎಲ್ಲಿ ಇಡುತ್ತೀರಿ, ಕಿಟಕಿ ಯಾವ ಕಡೆ ಇದೆ, ಎಷ್ಟು ಜನ ಕೂರುತ್ತೀರಿ, ಏನು ನೋಡುತ್ತೀರಿ ಎಂದು ಕೇಳುತ್ತೇನೆ. ಒಂದೂವರೆ, ಎರಡು ಲಕ್ಷ ಕೊಡುವಾಗ ಕಂಪನಿಯ ಹೆಸರಿಗಿಂತ ಈ ನಾಲ್ಕು ಉತ್ತರಗಳೇ ದೊಡ್ಡವು.

ಮೊದಲು ಪರದೆಯ ವಿಷಯ. ಓಎಲ್‌ಇಡಿಯಲ್ಲಿ ಚಿತ್ರ ಮೂಡಿಸುವ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಹಾಗಾಗಿ ಕಪ್ಪು ಅಂದರೆ ನಿಜವಾದ ಕಪ್ಪು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಇದಕ್ಕಿಂತ ಚಂದದ್ದು ಇಲ್ಲ. ಆದರೆ ಒಂದೇ ಚಿತ್ರ ಒಂದೇ ಜಾಗದಲ್ಲಿ ದಿನವಿಡೀ ನಿಂತರೆ ಆ ಚುಕ್ಕೆಗಳು ಉಳಿದವಕ್ಕಿಂತ ಬೇಗ ಸವೆಯುತ್ತವೆ. ಕೇಶ್ವಾಪುರದಲ್ಲಿ ಆಗಿದ್ದು ಅದೇ. ಹೊಸ ಟಿವಿಗಳಲ್ಲಿ ಇದನ್ನು ತಡೆಯುವ ಏರ್ಪಾಡು ಇದೆ, ಮೊದಲಿನಷ್ಟು ಭಯ ಬೇಡ. ಆದರೂ ಸುದ್ದಿ ಚಾನೆಲ್ ಹತ್ತು ಹನ್ನೆರಡು ತಾಸು ಓಡುವ ಮನೆಗೆ ನಾನು ಓಎಲ್‌ಇಡಿ ಹೇಳುವುದಿಲ್ಲ.

ಕ್ಯೂಎಲ್‌ಇಡಿ ಎಂಬ ಹೆಸರು ಕೇಳಿದರೆ ಓಎಲ್‌ಇಡಿಯ ತಮ್ಮನಂತೆ ಕಾಣುತ್ತದೆ. ಹಾಗಲ್ಲ. ಅದು ನಮ್ಮ ಹಳೆಯ ಎಲ್‌ಸಿಡಿಯೇ. ಹಿಂದೆ ದೀಪ, ನಡುವೆ ಬಣ್ಣ ಚೆನ್ನಾಗಿ ಕಾಣಿಸುವ ಒಂದು ಹಾಳೆ. ಮಿನಿ ಎಲ್‌ಇಡಿ ಅಂದರೆ ಆ ಹಿಂದಿನ ದೀಪಗಳನ್ನು ಬಹಳ ಸಣ್ಣದು ಮಾಡಿ, ಸಾವಿರಾರು ಸಂಖ್ಯೆಯಲ್ಲಿ ಜೋಡಿಸಿ, ಗುಂಪು ಗುಂಪಾಗಿ ಆರಿಸಿ ಹೊತ್ತಿಸುವುದು. ಕಪ್ಪು ಓಎಲ್‌ಇಡಿಯಷ್ಟು ಆಳ ಬರುವುದಿಲ್ಲ, ಆದರೆ ಬೆಳಕು ಜೋರು. ವಿದ್ಯಾನಗರದಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಮನೆಗಳನ್ನು ನೋಡಿದ್ದೇನೆ. ಸಂಜೆ ನಾಲ್ಕಕ್ಕೆ ಬಿಸಿಲು ನೇರ ಒಳಗೆ ಬರುತ್ತದೆ. ಅಂಥ ಪಡಸಾಲೆಗೆ ಮಿನಿ ಎಲ್‌ಇಡಿಯೇ ಸರಿ. ಕೊಳ್ಳುವಾಗ ಬೆಳಕು ಎಷ್ಟು ಗುಂಪುಗಳಲ್ಲಿ ಆರುತ್ತದೆ ಎಂದು ಕೇಳಿ. ಅದು ಕಡಿಮೆ ಇದ್ದರೆ ಕಪ್ಪು ಆಕಾಶದಲ್ಲಿ ಚಂದ್ರನ ಸುತ್ತ ಬಿಳಿ ಮಂಜು ಕಾಣುತ್ತದೆ.

ಇನ್ನೊಂದು ಮಾತು ನಮ್ಮ ಕಡೆಯ ಮನೆಗಳಿಗೆ ಬಹಳ ಮುಖ್ಯ. ನಮ್ಮಲ್ಲಿ ಎಲ್ಲರೂ ಒಂದೇ ಸೋಫಾದ ಮೇಲೆ ಸಾಲಾಗಿ ಕೂರುವುದಿಲ್ಲ, ಅಲ್ವಾ? ಒಬ್ಬರು ಬಾಗಿಲ ಹತ್ತಿರ, ಒಬ್ಬರು ಗೋಡೆಗೆ ಒರಗಿ, ಅವ್ವ ಕಾಯಿಪಲ್ಯೆ ಹೆಚ್ಚುತ್ತಾ ಅಡುಗೆ ಮನೆಯ ಹೊಸ್ತಿಲಲ್ಲಿ. ಎಲ್‌ಸಿಡಿಯಲ್ಲೇ ವಿಎ ಎಂಬ ಪ್ಯಾನೆಲ್ (ಚಿತ್ರ ಮೂಡುವ ಪರದೆ) ಎದುರಿನಿಂದ ಚಂದ, ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್ ಪ್ಯಾನೆಲ್ ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಆದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಓಎಲ್‌ಇಡಿಗೆ ಈ ತೊಂದರೆ ತೀರಾ ಕಡಿಮೆ. ಶೋರೂಮಿನಲ್ಲಿ ಎದುರಿಗೇ ನಿಲ್ಲಬೇಡಿ. ಎರಡೂ ಪಕ್ಕಕ್ಕೆ ಹೋಗಿ ನೋಡಿ.

ಅಳತೆಗೆ ನನ್ನ ಲೆಕ್ಕ ಸರಳ. ಕೂರುವ ಜಾಗ ಏಳೆಂಟು ಅಡಿ ದೂರ ಇದ್ದರೆ 55 ಇಂಚು, ಒಂಬತ್ತು ಅಡಿಯ ಹತ್ತಿರವಿದ್ದರೆ 65, ಹತ್ತು ದಾಟಿದರೆ 75.

ಈಗ ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ನಮ್ಮ ಕೇಬಲ್ಲಿನಲ್ಲಿ ಬರುವ ಸಾದಾ ಚಾನೆಲ್ಲಿನ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ ನಾಲ್ಕು ಲಕ್ಷ ಚಿಲ್ಲರೆ. ಉಳಿದದ್ದನ್ನೆಲ್ಲ ಟಿವಿಯೇ ಊಹಿಸಿ ತುಂಬಬೇಕು. ಈ ಊಹೆಯ ಕೆಲಸ ಮಾಡುವುದು ಒಳಗಿನ ಪ್ರೊಸೆಸರ್. ದುಬಾರಿ ಟಿವಿಗೂ ಅಗ್ಗದ ಟಿವಿಗೂ ನಿಜವಾದ ಅಂತರ ಇಲ್ಲಿ ಕಾಣುತ್ತದೆ. ಶೋರೂಮಿನಲ್ಲಿ ಹಾಕಿರುವುದು ಹೂವು, ಗಿಳಿ, ಜಲಪಾತದ 4ಕೆ ವಿಡಿಯೊ. ಅದರಲ್ಲಿ ಎಲ್ಲ ಟಿವಿಯೂ ಚಂದವೇ. ಕೊಪ್ಪಿಕರ್ ರಸ್ತೆಯ ಅಂಗಡಿಗೆ ಹೋಗಲಿ, ಗೋಕುಲ ರಸ್ತೆಗೆ ಹೋಗಲಿ, ‘ಸೆಟ್‌ಟಾಪ್ ಬಾಕ್ಸ್ ಹಚ್ಚಿ ಕನ್ನಡ ಧಾರಾವಾಹಿ ಹಾಕ್ರಿ’ ಎಂದು ಕೇಳಿ. ಜೊತೆಗೆ ಬಣ್ಣ, ಬೆಳಕು ಜೋರು ಮಾಡಿಟ್ಟ ಶೋರೂಮಿನ ಮೋಡ್ ತೆಗೆಸಿ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿಸಿ. ಮುಖದ ಬಣ್ಣ ಮನುಷ್ಯರ ಮುಖದಂತೆ ಕಾಣುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ. ಸಂಕೋಚ ಬೇಡ, ದುಡ್ಡು ನಿಮ್ಮದು.

ಇನ್ನು ಕಂಪನಿಗಳು. ಒಂದು ಸಂಗತಿ ತಿಳಿದಿರಲಿ. ಟಿವಿಯ ದೊಡ್ಡ ಓಎಲ್‌ಇಡಿ ಪ್ಯಾನೆಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಬರುವುದು ಎರಡೇ ಕಡೆಯಿಂದ, ಎಲ್‌ಜಿ ಡಿಸ್‌ಪ್ಲೇ ಮತ್ತು ಸ್ಯಾಮ್‌ಸಂಗ್ ಡಿಸ್‌ಪ್ಲೇ. ಸೋನಿ ಇವರಿಬ್ಬರಿಂದಲೂ ಪ್ಯಾನೆಲ್ ಕೊಂಡು ತನ್ನ ಪ್ರೊಸೆಸರ್ ಹಾಕುತ್ತದೆ. ಸಾದಾ ಕೇಬಲ್ ಚಿತ್ರವನ್ನು ತಿದ್ದಿ ತೋರಿಸುವುದರಲ್ಲಿ, ಓಡುವ ಚೆಂಡನ್ನು ನಡುಗದಂತೆ ತೋರಿಸುವುದರಲ್ಲಿ ನನ್ನ ಕಣ್ಣಿಗೆ ಸೋನಿ ಮುಂದಿದೆ. ಆದರೆ ಅದಕ್ಕೆ ದುಡ್ಡೂ ಜಾಸ್ತಿ. ಎಲ್‌ಜಿಯ ಓಎಲ್‌ಇಡಿ ಸಿನಿಮಾ ನೋಡುವವರಿಗೆ, ಆಟ ಆಡುವ ಹುಡುಗರಿಗೆ ಚೆನ್ನ. ಅದರ ರಿಮೋಟನ್ನು ಪರದೆಯ ಕಡೆ ತೋರಿಸಿ ಬೇಕಾದ್ದನ್ನು ಆಯ್ದುಕೊಳ್ಳಬಹುದು, ವಯಸ್ಸಾದವರು ಬೇಗ ಕಲಿಯುತ್ತಾರೆ. ಸ್ಯಾಮ್‌ಸಂಗ್ ಬೆಳಕಿನಲ್ಲಿ ಗಟ್ಟಿ. ಆದರೆ ಅದರಲ್ಲಿ ದೃಶ್ಯಕ್ಕೆ ತಕ್ಕಂತೆ ಬೆಳಕು, ಬಣ್ಣ ಹೊಂದಿಸುವ ಡಾಲ್ಬಿ ವಿಷನ್ ಇಲ್ಲ, ಬದಲಿಗೆ ಅದೇ ಥರದ ಎಚ್‌ಡಿಆರ್10 ಪ್ಲಸ್ ಇದೆ. ನಿಮಗೆ ಡಾಲ್ಬಿ ವಿಷನ್ ಬೇಕೇ ಬೇಕು ಅಂದರೆ ಸೋನಿ ಅಥವಾ ಎಲ್‌ಜಿಯ ಓಎಲ್‌ಇಡಿ ಕಡೆ ಹೋಗಿ. ಟಿಸಿಎಲ್, ಹೈಸೆನ್ಸ್ ಕಂಪನಿಗಳ ಮಿನಿ ಎಲ್‌ಇಡಿಗಳು ಕಡಿಮೆ ದುಡ್ಡಿಗೆ ಒಳ್ಳೆಯ ಪರದೆ ಕೊಡುತ್ತಿವೆ. ಅವನ್ನು ಸುಮ್ನೆ ತಳ್ಳಿ ಹಾಕಬೇಡಿ. ಆದರೆ ಗದಗ, ಹಾವೇರಿ ಅಥವಾ ಹಳ್ಳಿಯಲ್ಲಿರುವವರು ಯಾವುದೇ ಕಂಪನಿ ಕೊಳ್ಳುವ ಮುಂಚೆ ರಿಪೇರಿಗೆ ಎಲ್ಲಿಂದ ಬರುತ್ತಾರೆ, ಪ್ಯಾನೆಲ್ಲಿಗೆ ವಾರಂಟಿ ಎಷ್ಟು ವರ್ಷ ಎಂದು ಬರೆಸಿಕೊಳ್ಳಿ. ದೊಡ್ಡ ಟಿವಿಯಲ್ಲಿ ಪ್ಯಾನೆಲ್ ಹೋದರೆ ಹೊಸ ಟಿವಿಗೇ ಸಮೀಪದ ಖರ್ಚು.

ಸ್ಮಾರ್ಟ್ ವಿಷಯಕ್ಕೆ, ಅಂದರೆ ಆ್ಯಪ್ ಓಡಿಸುವ ಸಾಫ್ಟ್‌ವೇರಿಗೆ, ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ. ಸೋನಿಯಲ್ಲಿ ಗೂಗಲ್ ಟಿವಿ, ಸ್ಯಾಮ್‌ಸಂಗ್‌ನಲ್ಲಿ ಟೈಜೆನ್, ಎಲ್‌ಜಿಯಲ್ಲಿ ವೆಬ್‌ಓಎಸ್. ನೀವು ನೋಡುವ ಆ್ಯಪ್‌ಗಳು ಮೂರರಲ್ಲೂ ಇವೆ. ಪ್ಯಾನೆಲ್ ಹತ್ತು ವರ್ಷ ಬಾಳಿದರೂ ಸಾಫ್ಟ್‌ವೇರ್ ಅಷ್ಟು ಬಾಳುವುದಿಲ್ಲ. ಅದಕ್ಕೇ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. 2024ರಲ್ಲಿ ಸ್ಯಾಮ್‌ಸಂಗ್ ಏಳು ವರ್ಷದ ಮಾತು ಕೊಟ್ಟಿತು. ಮುಂದೆ ಸಾಫ್ಟ್‌ವೇರ್ ನಿಧಾನವಾದರೆ ಟಿವಿಗೆ ಚುಚ್ಚಿ ಆ್ಯಪ್ ನೋಡುವ ನಾಲ್ಕೈದು ಸಾವಿರದ ಒಂದು ಸ್ಟಿಕ್ ಸಾಕು. ಆದ್ದರಿಂದ ಸ್ಮಾರ್ಟ್ ಚೆನ್ನಾಗಿದೆ ಎಂದು ಪರದೆಯಲ್ಲಿ ರಾಜಿ ಆಗಬೇಡಿ.

ಹೊಸ ಟಿವಿ ಹಚ್ಚಿದ ದಿನ ನಾನು ಎರಡು ಕೆಲಸ ಮಾಡಿ ಕೊಡುತ್ತೇನೆ. ನೀವೇ ಮಾಡಿಕೊಳ್ಳಬಹುದು. ಒಂದು, ನೀವು ಏನು ನೋಡುತ್ತೀರಿ ಎಂದು ಟಿವಿ ಗುರುತಿಸಿ ಕಂಪನಿಗೆ ಕಳಿಸುವ ಸೌಲಭ್ಯವನ್ನು ಬಂದ್ ಮಾಡುವುದು. ಎಲ್‌ಜಿಯಲ್ಲಿ ಅದರ ಹೆಸರು ಲೈವ್ ಪ್ಲಸ್, ಸ್ಯಾಮ್‌ಸಂಗ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್. ಮೊದಲ ದಿನ ಎಲ್ಲದಕ್ಕೂ ಒಪ್ಪಿಗೆ ಒತ್ತುವಾಗ ಇದಕ್ಕೂ ಒಪ್ಪಿರುತ್ತೇವೆ. ಎರಡು, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್. ಕ್ರಿಕೆಟ್ಟಿಗೆ ಅದು ಸ್ವಲ್ಪ ಇರಲಿ, ಸಿನಿಮಾಕ್ಕೆ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಒಳ್ಳೆಯ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ.

ನಮ್ಮ ಊರಿನ ಒಂದು ಅಭ್ಯಾಸ ಓಎಲ್‌ಇಡಿಗೆ ಕೆಟ್ಟದ್ದು. ನೋಡಿದ್ದು ಮುಗಿಯಿತು ಎಂದರೆ ಗೋಡೆಯ ಸ್ವಿಚ್ಚೇ ಬಂದ್. ಈ ಟಿವಿ ಮೂರ್ನಾಲ್ಕು ತಾಸು ಓಡಿದ ಮೇಲೆ, ರಿಮೋಟಿನಿಂದ ಆರಿಸಿದಾಗ, ಒಳಗೇ ತನ್ನ ಚುಕ್ಕೆಗಳನ್ನು ಸರಿಪಡಿಸಿಕೊಳ್ಳುತ್ತದೆ. ಕರೆಂಟ್ ಇಲ್ಲದಿದ್ದರೆ ಆ ಕೆಲಸ ಆಗುವುದಿಲ್ಲ. ಅರ್ಧ ತಾಸು ಬಿಟ್ಟು ಸ್ವಿಚ್ ತೆಗೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ ಸಿಡಿಲಿನ ಜೊತೆ ಬರುವಂತೆ ಕಂಡಾಗ ಮಾತ್ರ ಕಾಯಬೇಡಿ. ಪ್ಲಗ್ ಕೀಳಿ, ಡಿಶ್ ವೈರನ್ನೂ ಬಿಚ್ಚಿ. ಸಿಡಿಲಿನ ಪೆಟ್ಟು ಆ ವೈರಿನಿಂದಲೂ ಒಳಗೆ ಬರುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಒಮ್ಮೆ ನೋಡಿಸಿ. ಧಾರವಾಡದ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ ಇದ್ದರೆ ಗೋಡೆಗೆ ಹಚ್ಚುವ ಆಸೆ ಬಿಡಿ, ಟೇಬಲ್ ಮೇಲೆ ಇಡಿ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹೊಸ ಮಾಡೆಲ್ ಬಂದಾಗ ಹೋದ ವರ್ಷದ್ದು ಇನ್ನೂ ಇಳಿಯುತ್ತದೆ. ಆ ಎರಡರ ನಡುವೆ ಕಣ್ಣಿಗೆ ಕಾಣುವ ಅಂತರ ಬಹಳ ಸಲ ಇರುವುದಿಲ್ಲ. ನಾನಾದರೆ ಹೋದ ವರ್ಷದ್ದೇ ಕೊಂಡು, ಉಳಿದ ದುಡ್ಡನ್ನು ಧ್ವನಿಗೆ ಹಾಕುತ್ತೇನೆ.

ತೆಳ್ಳಗಿನ ಟಿವಿಯ ಸ್ಪೀಕರಿಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಒಬ್ಬ ನಿವೃತ್ತ ಮಾಸ್ತರರು ಇದ್ದಾರೆ. ಸಂಜೆಯಾದರೆ ಯೂಟ್ಯೂಬಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಹಳೆಯ ಕಛೇರಿ ಹಾಕುತ್ತಾರೆ. ಅವರು ಬಹಳ ದುಬಾರಿಯ ಓಎಲ್‌ಇಡಿ ಕೇಳಿಕೊಂಡು ಬಂದಿದ್ದರು. ಆ ಕಛೇರಿಗಳ ಚಿತ್ರ ಮಸುಕು, ಎಷ್ಟು ಲಕ್ಷ ಕೊಟ್ಟರೂ ಅಷ್ಟೇ. ಒಂದು ಮೆಟ್ಟಿಲು ಕೆಳಗಿನ 55 ಇಂಚಿನ ಟಿವಿ ಕೊಡಿಸಿದೆ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸೌಂಡ್‌ಬಾರ್ (ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್) ತಂದು, ಟಿವಿಯ ಧ್ವನಿ ಹೊರಗೆ ಕಳಿಸುವ ಇಆರ್ಕ್ ಎಂಬ ಎಚ್‌ಡಿಎಂಐ ಕಿಂಡಿಗೆ ಒಂದೇ ವೈರಿನಲ್ಲಿ ಜೋಡಿಸಿದೆ. ಅದೇ ರಿಮೋಟಿನಲ್ಲಿ ಧ್ವನಿ ಏರಿಸಬಹುದು. ಮೊದಲ ಹಾಡಿಕೆ ಹಾಕಿದಾಗ ಮಾಸ್ತರರು ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ಕೇಳಿ, ‘ತಂಬೂರಿ ಕೇಳಾಕತ್ತೈತ್ರಿ’ ಅಂದರು.