ಬೋರ್‌ವೆಲ್ ನೀರು, ರೇಷ್ಮೆ ಬಟ್ಟೆ ಮತ್ತು ಇಸುಬು

ನಮ್ಮಕ್ಕ ಇರೋದು ಬೆಂಗಳೂರಲ್ಲಿ, ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ. ಅಲ್ಲಿಗೆ ಕಾವೇರಿ ನೀರು ಇನ್ನೂ ಬಂದಿಲ್ಲ, ಬೋರ್‌ವೆಲ್ ಇಲ್ಲಾಂದ್ರೆ ಟ್ಯಾಂಕರ್. ಅವಳ ಮಗಳಿಗೆ ಹುಟ್ಟಿ ಆರು ತಿಂಗಳಿಂದ ಎಕ್ಸಿಮಾ, ನಮ್ಮಜ್ಜಿ ಭಾಷೇಲಿ ಇಸುಬು. ಮೊಣಕೈ ಒಳಗಡೆ, ಮಂಡಿ ಹಿಂದೆ ಎಲ್ಲಾ ಕೆಂಪಗಾಗಿ, ರಾತ್ರಿ ಪೂರ್ತಿ ಕೆರ್ಕೊಂಡು ಬೆಳಿಗ್ಗೆ ನೋಡಿದ್ರೆ ಬೆಡ್‌ಶೀಟ್ ಮೇಲೆ ರಕ್ತದ ಚುಕ್ಕೆ. ಹೀಗಿರುವಾಗ ಒಂದಿನ ವಾಟರ್ ಸಾಫ್ಟ್‌ನರ್ ಮಾರೋನು ಮನೆಗೆ ಬಂದು, ಒಂದು ಲೋಟ ಬೋರ್ ನೀರಿಗೆ ಸೋಪು ಹಾಕಿ ಕಲಕಿ ತೋರಿಸಿ, ನೋಡಿ ಮೇಡಂ ನೊರೇನೇ ಬರ್ತಿಲ್ಲ, ಈ ಗಡಸು ನೀರಿಂದಾನೇ ಪಾಪೂಗೆ ಸ್ಕಿನ್ ಪ್ರಾಬ್ಲಮ್ಮು ಅಂದ. ಅಕ್ಕ ನಂಗೆ ಫೋನ್ ಮಾಡಿ, ಏನೋ, ತಗೊಳ್ಳೋದಾ ಬೇಡ್ವಾ ಅಂತ ಕೇಳಿದ್ಲು.

ಅವನು ಹೇಳಿದ್ದು ಪೂರ್ತಿ ಬುರುಡೆ ಅಂತ ಹೇಳೋಕಾಗಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಸ್ಕೂಲ್ ಮಕ್ಕಳನ್ನ ಲೆಕ್ಕ ಹಾಕಿ 1998ರಲ್ಲಿ ಒಂದು ಅಧ್ಯಯನ ಬಂದಿತ್ತು. ನೀರು ಅತೀ ಗಡಸಾಗಿರೋ ಏರಿಯಾದ ಪ್ರೈಮರಿ ಸ್ಕೂಲ್ ಮಕ್ಕಳಲ್ಲಿ ಒಂದು ವರ್ಷದಲ್ಲಿ ಎಕ್ಸಿಮಾ ಕಾಣಿಸ್ಕೊಂಡಿದ್ದು ಶೇ. 17.3ರಷ್ಟು ಮಕ್ಕಳಿಗೆ, ನೀರು ಮೆದುವಾಗಿರೋ ಕಡೆ ಶೇ. 12. ಸರಿ, ಹಾಗಾದ್ರೆ ನೀರನ್ನ ಮೆದು ಮಾಡಿದ್ರೆ ಕಾಯಿಲೆ ಕಡಿಮೆ ಆಗ್ಬೇಕಲ್ವಾ ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಅದೇ ಊರಿನ ಹವೆಲ್ ವಿಲಿಯಮ್ಸ್ ಅನ್ನೋ ಚರ್ಮವೈದ್ಯರು ಮತ್ತು ಅವರ ಜೊತೆಯವರು "ಅನ್ಸುತ್ತೆ" ಅನ್ನೋದಕ್ಕೇ ನಿಲ್ಲಿಸ್ಲಿಲ್ಲ, ಮಾಡಿ ನೋಡೇಬಿಟ್ರು.

336 ಮಕ್ಕಳು, ಎಲ್ಲರಿಗೂ ಎಕ್ಸಿಮಾ, ಎಲ್ಲರ ಮನೆ ನೀರಿನ ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ (ಗುಣಮಟ್ಟ ಗೊತ್ತುಮಾಡೋ ನಮ್ಮ ಸರ್ಕಾರಿ ಸಂಸ್ಥೆ ಬಿಐಎಸ್ ಕುಡಿಯೋ ನೀರಿಗೆ ಹಾಕಿರೋ ಮಿತಿನೂ ಅದೇ 200, ಬೇರೆ ನೀರೇ ಇಲ್ಲ ಅಂದ್ರೆ 600 ತನಕ ಪರವಾಗಿಲ್ಲ ಅನ್ನುತ್ತೆ). ಚೀಟಿ ಎತ್ತಿದ ಹಾಗೆ ಯಾವ ಮಗು ಯಾವ ಗುಂಪಿಗೆ ಅನ್ನೋದನ್ನ ಕಂಪ್ಯೂಟರಿಗೆ ಬಿಟ್ರು. ಅರ್ಧ ಜನರ ಮನೆಗೆ ಸಾಫ್ಟ್‌ನರ್ ಹಾಕಿಸಿದ್ರು, ಇನ್ನರ್ಧ ಜನ ಮೊದಲಿನ ಹಾಗೇ ಮಾಮೂಲಿ ಔಷಧಿ ಮಾಮೂಲಿ ನೀರು, 12 ವಾರ. ಮನೆಯವರಿಗೆ ಮಷೀನ್ ಬಂದಿರೋದು ಹೆಂಗೂ ಗೊತ್ತಾಗುತ್ತೆ, ಸೋಪು ನೊರೆ ಬಿಡೋದರಲ್ಲೇ ಗೊತ್ತಾಗುತ್ತೆ, ಅದನ್ನ ಮುಚ್ಚಿಡೋಕಾಗಲ್ಲ. ಆದ್ರೆ ಮಗುವಿನ ಚರ್ಮ ನೋಡಿ ಮಾರ್ಕ್ಸ್ ಹಾಕೋ ನರ್ಸ್‌ಗೆ ಯಾವ ಮಗು ಯಾವ ಗುಂಪು ಅಂತ ಗೊತ್ತಾಗದ ಹಾಗೆ ನೋಡ್ಕೊಂಡ್ರು. ಅದೂ ಸಾಲದು ಅಂತ ಮಕ್ಕಳ ಕೈಗೆ ವಾಚ್ ಥರದ್ದೊಂದು ಕಟ್ಟಿ, ರಾತ್ರಿ ಎಷ್ಟು ಹೊತ್ತು ಕೈ ಆಡ್ತಿತ್ತು, ಅಂದ್ರೆ ಎಷ್ಟು ಕೆರ್ಕೊಂಡ್ವು, ಅನ್ನೋದನ್ನೂ ಅಳೆದ್ರು.

2011ರಲ್ಲಿ ರಿಸಲ್ಟ್ ಬಂತು. ಸಾಫ್ಟ್‌ನರ್ ಗುಂಪಿನ ಮಕ್ಕಳಲ್ಲಿ ಎಕ್ಸಿಮಾದ ತೀವ್ರತೆ ಸರಾಸರಿ ಶೇ. 20 ಇಳಿದಿತ್ತು. ಮಷೀನೇ ಇಲ್ಲದ ಗುಂಪಿಗೆ? ಶೇ. 22. ರಾತ್ರಿ ಕೆರೆತದಲ್ಲೂ ವ್ಯತ್ಯಾಸ ಇಲ್ಲ. ನಂಗೆ ಇದರಲ್ಲಿ ತುಂಬಾ ಇಷ್ಟ ಆದ ವಿಷಯ ಏನಂದ್ರೆ, ಅಪ್ಪ ಅಮ್ಮಂದಿರನ್ನ ಕೇಳಿದಾಗ ಮಾತ್ರ ಸಾಫ್ಟ್‌ನರ್ ಇದ್ದೋರು ಹೌದು ಸ್ವಲ್ಪ ಪರವಾಗಿಲ್ಲ ಅಂದಿದ್ರು. ಸುಳ್ಳು ಹೇಳಿದ್ರು ಅಂತಲ್ಲ, ಅವರಿಗೆ ನಿಜವಾಗ್ಲೂ ಹಂಗೇ ಕಂಡಿದೆ. ಮನೇಲಿ ಹೊಸ ಮಷೀನ್ ಕೂತಿದೆ, ಮಗು ನರಳೋದನ್ನ ನೋಡಿ ನೋಡಿ ಸಾಕಾಗಿದೆ, ಕಣ್ಣು ಒಳ್ಳೇದನ್ನೇ ಹುಡುಕುತ್ತೆ. ಗುಂಪು ಗೊತ್ತಿಲ್ಲದ ನರ್ಸ್ ಕಣ್ಣಿಗೆ ಮತ್ತೆ ಆ ವಾಚಿಗೆ ಮಾತ್ರ ಏನೂ ಕಾಣ್ಲಿಲ್ಲ.

ಈಗ ಒಂದು ಕ್ಷಣ ಎರಡನೇ ಗುಂಪು ಇರ್ಲೇ ಇಲ್ಲ ಅಂದ್ಕೊಳ್ಳಿ. ಮಷೀನ್ ಹಾಕಿಸಿದ ಮಕ್ಕಳಿಗೆ ಮೂರು ತಿಂಗಳಲ್ಲಿ ಶೇ. 20 ಗುಣ, ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ರೆ ಅದು ಸುಳ್ಳೂ ಅಲ್ಲ! ಎಕ್ಸಿಮಾದ ಗುಣಾನೇ ಅದು, ಏರುತ್ತೆ ಇಳಿಯುತ್ತೆ. ಜಾಸ್ತಿ ಏರಿ ತಡಿಯೋಕಾಗದೇ ಇದ್ದಾಗಲೇ ನಾವು ಡಾಕ್ಟರ್ ಬದಲಾಯಿಸೋದು, ಯಾರೋ ಹೇಳಿದ ಎಣ್ಣೆ ತರಿಸೋದು, ಹರಕೆ ಹೊರೋದು, ಮಷೀನ್ ತಗೊಳ್ಳೋದು. ತುದಿಗೆ ಏರಿದ್ದು ಹೆಂಗೂ ಇಳಿಯೋದೇ, ಇಳಿದಾಗ ಕೈಯಲ್ಲಿ ಏನಿತ್ತೋ ಅದಕ್ಕೇ ಹೆಸರು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಂಗೆ. ಕಾಗೆ ಕೂರದೇ ಇರೋ ಕೊಂಬೇನೂ ಮುರಿಯುತ್ತಾ ಅಂತ ಪಕ್ಕದಲ್ಲೇ ಇಟ್ಟು ನೋಡೋದೇ ಈ ಟ್ರಯಲ್‌ಗಳ ಕೆಲಸ.

ಹಂಗಂತ 1998ರ ಲೆಕ್ಕ ಸುಳ್ಳು ಅಂತ ಆಗಲ್ಲ. ಕಾಯಿಲೆ ಶುರುವಾಗೋಕೆ ಗಡಸು ನೀರಿಂದು ಏನಾದ್ರೂ ಪಾತ್ರ ಇರ್ಬಹುದು, ಅದು ಬೇರೆ ಪ್ರಶ್ನೆ. ಶುರುವಾದ ಮೇಲೆ ನೀರು ಬದಲಾಯಿಸಿದ್ರೆ ಕಡಿಮೆ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ. ಮಾರೋರು ಇವೆರಡನ್ನೂ ಸೇರಿಸಿ ಒಂದೇ ಮಾಡಿಬಿಡ್ತಾರೆ.

ಅದೇ ನಾಟಿಂಗ್‌ಹ್ಯಾಮ್ ತಂಡ ಆಮೇಲೆ ರೇಷ್ಮೇನೂ ಬಿಡ್ಲಿಲ್ಲ. ಮೇಲಿನ ಅಂಟು ಪೂರ್ತಿ ತೆಗೆದು ನೇಯ್ದ ರೇಷ್ಮೆ ಬನಿಯನ್ನು, ಲೆಗ್ಗಿಂಗ್ಸು, ಇವನ್ನ ಎಕ್ಸಿಮಾ ಮಕ್ಕಳಿಗೆ ಅಂತಾನೇ ಮಾಡ್ತಾರೆ, ಅಲ್ಲಿ ಡಾಕ್ಟರ್ ಚೀಟಿ ಬರೆದುಕೊಟ್ರೆ ಸರ್ಕಾರಿ ಖರ್ಚಲ್ಲೇ ಸಿಗ್ತಿತ್ತು. ರಾಮನಗರದ ಗೂಡು ಮಾರ್ಕೆಟ್ ನೋಡಿ ಬೆಳೆದ ನಂಗೆ ಇದು ಗೆಲ್ಲಲಿ ಅಂತ ಒಳಗೊಳಗೇ ಆಸೆ ಇತ್ತು ಅನ್ನೋದು ನಿಜ. 300 ಮಕ್ಕಳು, ಆರು ತಿಂಗಳು, 2017ರಲ್ಲಿ ಪ್ರಕಟ ಆಯ್ತು, ಮಾಮೂಲಿ ಬಟ್ಟೆ ಹಾಕ್ಕೊಂಡ ಮಕ್ಕಳಿಗೂ ರೇಷ್ಮೆ ಹಾಕ್ಕೊಂಡ ಮಕ್ಕಳಿಗೂ ವ್ಯತ್ಯಾಸ ಇಲ್ಲ. ಮರುವರ್ಷ ಸ್ನಾನದ ನೀರಿಗೆ ಸುರಿಯೋ ಎಣ್ಣೆ ಥರದ ದ್ರಾವಣಗಳ ಸರದಿ, ಇದು ಬೇರೆ ತಂಡದ್ದು. 482 ಮಕ್ಕಳ ಮೇಲೆ ನೋಡಿದ್ರು, ಅದರಿಂದಲೂ ಹೇಳ್ಕೊಳ್ಳೋ ಅಂಥ ಲಾಭ ಇಲ್ಲ. ಎನ್‌ಎಚ್‌ಎಸ್ ಅನ್ನೋ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಇದಕ್ಕೇ ವರ್ಷಕ್ಕೆ 2 ಕೋಟಿ ಪೌಂಡಿಗಿಂತ ಜಾಸ್ತಿ ಸುರೀತಿತ್ತು, ಅಕ್ಷರಶಃ ಬಚ್ಚಲಿಗೆ.

ಇದಕ್ಕಿಂತ ಬೇಜಾರಾಗೋ ಕಥೆ ಇನ್ನೊಂದಿದೆ, ಯಾಕಂದ್ರೆ ಅದರ ಹಿಂದಿನ ಯೋಚನೆ ತುಂಬಾ ಚೆನ್ನಾಗಿತ್ತು. ನಮ್ಮ ಚರ್ಮದ ಮೇಲ್ಪದರನ ಮಲೆನಾಡಿನ ಹೆಂಚಿನ ಮಾಡು ಅಂದ್ಕೊಳ್ಳಿ. ಹೆಂಚು ಒಂದರ ಮೇಲೊಂದು ಸರಿಯಾಗಿ ಕೂತಿದ್ರೆ ಒಳಗಿನ ತೇವ ಒಳಗೇ ಇರುತ್ತೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಹೊರಗೇ. ಈ ಪದರ ಗಟ್ಟಿಯಾಗಿ ಕೂರೋಕೆ ಫಿಲಾಗ್ರಿನ್ ಅನ್ನೋ ಪ್ರೋಟೀನ್ ಬೇಕು. ಅದರ ಜೀನ್ ಕೆಟ್ಟಿರೋರಿಗೆ ಎಕ್ಸಿಮಾ ಬರೋ ಸಾಧ್ಯತೆ ಜಾಸ್ತಿ ಅಂತ ಸ್ಕಾಟ್ಲೆಂಡಿನ ಡಂಡೀಲಿ ಇರ್ವಿನ್ ಮೆಕ್ಲೀನ್ ಮತ್ತು ಜೊತೆಯವರು 2006ರಲ್ಲಿ ತೋರಿಸಿದ್ರು. ಅಲ್ಲಿತನಕ ಇದು ಬರೀ ಅಲರ್ಜಿ, ರಕ್ತದಲ್ಲಿರೋ ತೊಂದರೆ ಅಂತಿದ್ದೋರೆಲ್ಲ ಚರ್ಮದ ಕಡೆ ತಿರುಗಿ ನೋಡೋ ಹಂಗಾಯ್ತು. ಸರಿ, ಮಾಡು ಸೋರುತ್ತೆ ಅಂತ ಮೊದಲೇ ಗೊತ್ತಿದ್ರೆ ಮಳೆಗಾಲಕ್ಕೆ ಮುಂಚೆನೇ ಟಾರ್ಪಾಲ್ ಹೊದಿಸಬಹುದಲ್ಲ? ಅಪ್ಪನಿಗೋ ಅಮ್ಮನಿಗೋ ಎಕ್ಸಿಮಾ ಆಸ್ತಮಾ ಇದ್ರೆ, ಕೂಸು ಹುಟ್ಟಿದಾಗಿಂದಾನೇ ದಿನಾ ಮೈ ತುಂಬ ಮಾಯಿಶ್ಚರೈಸರ್ ಹಚ್ಚಿದ್ರೆ ಕಾಯಿಲೆ ಬರೋದನ್ನೇ ತಡೀಬಹುದಲ್ವಾ? 2014ರಲ್ಲಿ 124 ಕೂಸುಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲಿ ಎಕ್ಸಿಮಾ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು, ಅದನ್ನ ಓದಿ ಎಷ್ಟು ಜನ ಡಾಕ್ಟರ್‌ಗಳು ಖುಷಿಪಟ್ಟಿರಬೇಕೋ.

ಆಮೇಲೆ ಬ್ರಿಟನ್ನಿನಲ್ಲಿ 1394 ಕೂಸುಗಳ ಮೇಲೆ ದೊಡ್ಡದಾಗಿ ಮಾಡಿದ್ರು, ಒಂದು ವರ್ಷ ದಿನಾ ಹಚ್ಚೋದು, ಎರಡು ವರ್ಷ ತುಂಬಿದಾಗ ನೋಡೋದು. 2020ರಲ್ಲಿ ರಿಸಲ್ಟ್ ಬಂತು. ಹಚ್ಚಿದ ಗುಂಪಲ್ಲಿ ಶೇ. 23ರಷ್ಟು ಮಕ್ಕಳಿಗೆ ಎಕ್ಸಿಮಾ, ಹಚ್ಚದೇ ಇದ್ದ ಗುಂಪಲ್ಲಿ ಶೇ. 25. ಅಂದ್ರೆ ಏನೂ ಇಲ್ಲ. ಮೇಲಾಗಿ ಹಚ್ಚಿದ ಮಕ್ಕಳಿಗೆ ಚರ್ಮದ ಇನ್‌ಫೆಕ್ಷನ್ ಸ್ವಲ್ಪ ಜಾಸ್ತಿನೇ ಆಗಿತ್ತು. ಅದೇ ವರ್ಷ ನಾರ್ವೆ ಸ್ವೀಡನ್ ಕಡೆಯ ಇನ್ನೂ ದೊಡ್ಡ ಪ್ರಯೋಗಾನೂ ತಡೆಯೋಕಾಗಲ್ಲ ಅಂತಾನೇ ಹೇಳ್ತು. 124ರಲ್ಲಿ ಕಂಡಿದ್ದು 1394ರಲ್ಲಿ ಮಾಯ. ಸಣ್ಣ ಪ್ರಯೋಗದಲ್ಲಿ ಐದಾರು ಮಕ್ಕಳು ಆ ಕಡೆ ಈ ಕಡೆ ಆದ್ರೂ ಶೇಕಡಾವಾರು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತೆ, ಅದಕ್ಕೇ ಪೇಪರಲ್ಲಿ "ಹೊಸ ಸಂಶೋಧನೆ" ಅಂತ ಬಂದಾಗ ನಾನು ಮೊದಲು ನೋಡೋದೇ ಎಷ್ಟು ಜನರ ಮೇಲೆ ಮಾಡಿದ್ರು ಅಂತ. ಒಂದು ಮಾತು, ಇದು ಬರದೇ ಇರ್ಲಿ ಅಂತ ಹಚ್ಚೋದರ ಕಥೆ ಮಾತ್ರ. ಎಕ್ಸಿಮಾ ಬಂದಿರೋರಿಗೆ ಮಾಯಿಶ್ಚರೈಸರ್ ಬೇಕೇ ಬೇಕು, ಅದನ್ನ ಇದರ ಜೊತೆ ಕಲಸಬೇಡಿ.

ಯಾವ ಮಾಯಿಶ್ಚರೈಸರ್ ಅನ್ನೋ ಪ್ರಶ್ನೆಗೂ ಉತ್ತರ ಬಂದಿದೆ. ಲೋಶನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ 550 ಮಕ್ಕಳಿಗೆ ಹಂಚಿ ನೋಡಿದ ಬ್ರಿಟನ್ನಿನ ಪ್ರಯೋಗ 2022ರಲ್ಲಿ ಬಂತು, ನಾಲ್ಕೂ ಒಂದೇ. ಮಗು ಯಾವುದನ್ನ ಗಲಾಟೆ ಮಾಡದೇ ಹಚ್ಚಿಸ್ಕೊಳ್ಳುತ್ತೋ ಅದೇ ಒಳ್ಳೇದು, ಅಂಗಡಿಯಲ್ಲಿ ದುಬಾರಿ ಡಬ್ಬಿ ಹುಡುಕೋ ಅವಶ್ಯಕತೆ ಇಲ್ಲ. ಕೊಬ್ಬರಿ ಎಣ್ಣೆ ನಡಿಯುತ್ತಾ ಅಂತ ನಮ್ಮ ಕಡೆ ಎಲ್ಲರೂ ಕೇಳ್ತಾರೆ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ಮಾಡಿದ ಒಂದು ಪ್ರಯೋಗದಲ್ಲಿ ಅದು ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆದ್ರೆ 117 ಅನ್ನೋ ಸಂಖ್ಯೆ ನೋಡಿದಾಗ ಈಗಷ್ಟೇ ಹೇಳಿದ 124 ನೆನಪಾಗ್ಬೇಕು.

ಹಂಗಾದ್ರೆ ಗೆದ್ದಿದ್ದು ಯಾವುದು? ಎಲ್ಲರೂ ಹೆದರೋ ಆ ಸ್ಟೀರಾಯ್ಡ್ ಟ್ಯೂಬೇ. ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಹಚ್ಚಿದ್ರೆ ಎಕ್ಸಿಮಾ ಇಳಿಯುತ್ತೆ ಅಂತ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಬರೆದಿದ್ದು 1952ರಲ್ಲಿ, ಅಂದಿನಿಂದ ಇವತ್ತಿನ ತನಕ ಪರೀಕ್ಷೆ ಮೇಲೆ ಪರೀಕ್ಷೆ ಪಾಸಾಗ್ತಾನೇ ಬಂದಿದೆ. 2002ರಲ್ಲಿ ನಾಟಿಂಗ್‌ಹ್ಯಾಮ್‌ನೋರು ಮಾಡಿದ ಒಂದು ಹೋಲಿಕೆ ನಂಗಿಷ್ಟ. ಒಂದು ಗುಂಪಿಗೆ ಸ್ಟ್ರಾಂಗ್ ಆದ ಬೀಟಾಮೆಥಸೋನ್ ಮೂರು ದಿನ, ಉಳಿದ ನಾಲ್ಕು ದಿನ ಬರೀ ಮಾಯಿಶ್ಚರೈಸರ್. ಇನ್ನೊಂದು ಗುಂಪಿಗೆ ಮೈಲ್ಡ್ ಆದ ಹೈಡ್ರೋಕಾರ್ಟಿಸೋನ್ ಏಳೂ ದಿನ. ಹದಿನೆಂಟು ವಾರ ಆದ್ಮೇಲೆ ಎರಡೂ ಗುಂಪಿನ ಮಕ್ಕಳು ಕೆರ್ಕೊಳ್ಳದೇ ಕಳೆದ ದಿನಗಳು ಸರಿಸಮ. ಅಂದ್ರೆ ಮನೆಯವರಿಗೆ ಯಾವುದು ಅನುಕೂಲವೋ ಅದನ್ನ ಡಾಕ್ಟರ್ ಹತ್ರ ಮಾತಾಡಿ ಆರಿಸ್ಕೋಬಹುದು. ಚರ್ಮ ತೆಳ್ಳಗಾಗುತ್ತೆ ಅನ್ನೋ ಭಯದ ಬಗ್ಗೆ ಹೇಳೋದಾದ್ರೆ, 2022ರಲ್ಲಿ ಕಾಕ್ರೇನ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆಯೋರು (ಟ್ರಯಲ್‌ಗಳನ್ನ ತೂಗಿ ನೋಡೋದೇ ಇವರ ಕೆಲಸ) ಟ್ರಯಲ್‌ಗಳನ್ನ ಒಟ್ಟುಗೂಡಿಸಿ ಎಣಿಸಿದಾಗ ಹಂಗಾಗಿದ್ದು ನೂರಕ್ಕೆ ಒಬ್ಬರ ಲೆಕ್ಕದಲ್ಲಿ, ಸ್ಟ್ರಾಂಗ್ ಕ್ರೀಮನ್ನ ದಿನಕ್ಕೆ ಎರಡು ಸಲ ಹಚ್ಚೋ ಬದಲು ಒಂದೇ ಸಲ ಹಚ್ಚಿದ್ರೂ ಸಾಕು ಅನ್ನೋದೂ ಅದರಲ್ಲೇ ಬಂತು. ಆದ್ರೆ ಆ ಟ್ರಯಲ್‌ಗಳಲ್ಲಿ ಹೆಚ್ಚಿನವು ಕೆಲವೇ ವಾರಗಳದ್ದು, ವರ್ಷಗಟ್ಟಲೆ ಹಚ್ಚೋರಿಗೆ ಅದೇ ಲೆಕ್ಕ ಹಾಕೋಕಾಗಲ್ಲ.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ಮುಖ ಇದೆ, ಅದನ್ನ ಹೇಳದೇ ಸ್ಟೀರಾಯ್ಡ್ ಒಳ್ಳೇದು ಅಂತ ಬರೆದ್ರೆ ತಪ್ಪಾಗುತ್ತೆ. ಮೆಡಿಕಲ್ ಸ್ಟೋರಿಗೆ ಹೋಗಿ ತುರಿಕೆಗೆ ಒಂದು ಟ್ಯೂಬ್ ಕೊಡಿ ಅಂದ್ರೆ ಕೊಡೋದು ಸ್ಟ್ರಾಂಗ್ ಸ್ಟೀರಾಯ್ಡು, ಆಂಟಿಫಂಗಲ್ಲು, ಆಂಟಿಬಯಾಟಿಕ್ಕು ಎಲ್ಲಾ ಕಲಸಿದ ಮೂರು ನಾಲ್ಕು ಔಷಧಿಗಳ ಚಿತ್ರಾನ್ನ. ತುರಿಕೆ ಇಸುಬಿಂದಾಗಿದ್ರೆ ಅದೊಂದು, ಆದ್ರೆ ಹುಳುಕಡ್ಡಿ ಆಗಿದ್ರೆ, ಅದು ಫಂಗಸ್ಸು, ಸ್ಟೀರಾಯ್ಡ್ ಹಚ್ಚಿದಾಗ ಕೆಂಪು ತುರಿಕೆ ಎರಡು ದಿನಕ್ಕೆ ಮಾಯವಾಗಿ ಫಂಗಸ್ ಮಾತ್ರ ಒಳಗೊಳಗೇ ಹರಡ್ತಾ ಹೋಗುತ್ತೆ. ಕೊನೆಗೆ ಡಾಕ್ಟರ್ ನೋಡಿದ್ರೂ ಗುರುತು ಸಿಗದ ಹಾಗೆ ರೂಪಾನೇ ಬದಲಾಗಿರುತ್ತೆ. ಮುಖ ಬೆಳ್ಳಗಾಗುತ್ತೆ ಅಂತ ಇದೇ ಟ್ಯೂಬನ್ನ ತಿಂಗಳುಗಟ್ಟಲೆ ಹಚ್ಚಿ, ಬಿಟ್ರೆ ಉರಿ ಹಚ್ಚಿದ್ರೆ ಹಾಳು ಅನ್ನೋ ಸ್ಥಿತಿಗೆ ಬಂದೋರಿಗಂತೂ ಲೆಕ್ಕ ಇಲ್ಲ, ಚರ್ಮವೈದ್ಯರ ಸಂಘದೋರು ಇದರ ವಿರುದ್ಧವೇ ಒಂದು ಕಾರ್ಯಪಡೆ ಮಾಡ್ಕೊಂಡಿದಾರೆ. 2018ರಲ್ಲಿ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮ್‌ಗಳನ್ನ ಚೀಟಿ ಇಲ್ಲದೇ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸ್ತು. ನಿಮ್ಮ ಬೀದಿ ಮೆಡಿಕಲ್‌ನಲ್ಲಿ ಚೀಟಿ ಕೇಳ್ತಾರಾ ನೀವೇ ನೋಡಿ.

ಸೈಡ್ ಎಫೆಕ್ಟ್ ಇಲ್ಲದ ಗಿಡಮೂಲಿಕೆ ಅನ್ನೋರಿಗೆ ಲಂಡನ್ನಿನ ಒಂದು ಘಟನೆ. ಚೈನೀಸ್ ಗಿಡಮೂಲಿಕೆ ಕ್ರೀಮು, ಎಕ್ಸಿಮಾಗೆ ರಾಮಬಾಣ ಅಂತ ರೋಗಿಗಳು ತಂದು ತೋರಿಸ್ತಿದ್ದ ಹನ್ನೊಂದು ಕ್ರೀಮ್‌ಗಳನ್ನ ಅಲ್ಲಿನ ಡಾಕ್ಟರ್‌ಗಳು ಲ್ಯಾಬಿಗೆ ಕಳಿಸಿ 1999ರಲ್ಲಿ ವರದಿ ಮಾಡಿದ್ರು. ಎಂಟರಲ್ಲಿ ಡೆಕ್ಸಾಮೆಥಸೋನ್ ಇತ್ತು. ಸ್ಟೀರಾಯ್ಡು!

ಇಷ್ಟೆಲ್ಲಾ ಅಕ್ಕನಿಗೆ ಫೋನಲ್ಲಿ ಹೇಳಿದ್ದಕ್ಕೆ ಅವಳು ಕೇಳಿದ್ದು ಒಂದೇ, ಹಂಗಾದ್ರೆ ಎಷ್ಟು ಹಚ್ಚಬೇಕು ಅಂತ. ಎಲ್ಲರೂ ಎಡವೋದು ಅಲ್ಲೇ, ಹೆದರ್ಕೊಂಡು ಕುಂಕುಮ ಇಟ್ಟಷ್ಟು ಹಚ್ತಾರೆ, ಕಡಿಮೆ ಆಗಲ್ಲ, ಔಷಧಿ ಸರಿಯಿಲ್ಲ ಅಂತಾರೆ. ಅದಕ್ಕೊಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆ ತನಕ ಟ್ಯೂಬಿಂದ ಒತ್ತಿದ್ರೆ ಸುಮಾರು ಅರ್ಧ ಗ್ರಾಂ ಬರುತ್ತೆ, ಅಷ್ಟು ಕ್ರೀಮು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು, ಬೆರಳೂ ಸೇರಿಸಿ. ಡಾಕ್ಟರ್ ಮಗುವಿಗೆ ಬರೆದುಕೊಟ್ಟಿದ್ದ ಟ್ಯೂಬ್ ಮನೇಲೇ ಬಿದ್ದಿತ್ತು, ಆರು ತಿಂಗಳಾದ್ರೂ ಕಾಲು ಭಾಗಾನೂ ಖಾಲಿ ಆಗಿರ್ಲಿಲ್ಲ. ಅಕ್ಕ ಮತ್ತೆ ಹೋಗಿ ಡಾಕ್ಟರನ್ನ ಕೇಳ್ಕೊಂಡು ಬಂದು, ಅವರು ಹೇಳಿದಷ್ಟು ದಿನ ಈ ಅಳತೇಲಿ ಹಚ್ಚಿದ್ಲು, ಸ್ನಾನ ಆದ ತಕ್ಷಣ ಮಾಯಿಶ್ಚರೈಸರ್.

ಸಾಫ್ಟ್‌ನರ್ ಕೂಡ ತಗೊಂಡ್ರು. ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟೋದು, ನಲ್ಲಿ ಬೆಳ್ಳಗಾಗೋದು ಎಲ್ಲಾ ನಿಂತಿದೆ, ಅದಕ್ಕೆ ಆ ಮಷೀನ್ ಚೆನ್ನಾಗೇ ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಉಪ್ಪು ತುಂಬೋ ಡ್ಯೂಟಿ ಭಾವಂದು. ಹೋದ ತಿಂಗಳು ಊಟಕ್ಕೆ ಹೋಗಿದ್ದಾಗ ಮಗಳ ಕೈ ಹಿಡಿದು ಮೊಣಕೈ ಹತ್ರ ತೋರಿಸಿ, ನೋಡಿ ಹೆಂಗಾಗಿದೆ, ಎಲ್ಲಾ ಮಷೀನ್ ಹಾಕಿಸಿದ ಮೇಲೇನೇ ಅಂದ್ರು. ಅಕ್ಕ ನನ್ನ ಮುಖ ನೋಡಿದ್ಲು, ನಾನು ಇನ್ನೊಂದು ಸೌಟು ಸಾರು ಹಾಕಿಸ್ಕೊಂಡೆ.