ಒಂದು ತೊಲ ಗುಂಡಿನ ಲೆಕ್ಕ

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನು ಅಂಗೈಯಲ್ಲಿಟ್ಟು ನೋಡಿದ್ದೀರಾ? ಅದರ ತೂಕ ಒಂದು ತೊಲ, 11.66 ಗ್ರಾಂ. ಬ್ರಿಟಿಷರ ಅಳತೆಯಲ್ಲಿ 180 ಗ್ರೇನ್. ಅಮೆರಿಕದಲ್ಲಿ .30-06 (ನಳಿಗೆ ಸುಮಾರು 0.30 ಇಂಚು ಅಗಲ) ರೈಫಲ್ ಹಿಡಿದು ಎಲ್ಕ್, ಮೂಸ್‌ನಂಥ ಭಾರೀ ಜಿಂಕೆಗಳ ಶಿಕಾರಿಗೆ ಹೋಗುವವರು ಬಹಳ ಕಾಲ ನೆಚ್ಚಿಕೊಂಡ ಗುಂಡೂ 180 ಗ್ರೇನಿನದೇ. ಕಾಕತಾಳೀಯ, ಅಷ್ಟೇ. ಆದರೂ ತೊಲದ ಲೆಕ್ಕ ನಮಗೆ ಬೇಗ ಹತ್ತುತ್ತೆ, ಅದರಲ್ಲೇ ಹೋಗೋಣ.

ಗುಂಡು ಎದೆಗೂಡಿನೊಳಗೆ ಶ್ವಾಸಕೋಶಕ್ಕೋ ಹೃದಯಕ್ಕೋ ಮುಟ್ಟಬೇಕು. ಪ್ರಾಣಿ ನರಳದೆ ಬೀಳಬೇಕು. ಶಿಕಾರಿಯಲ್ಲಿ ನೀತಿ ಅಂತ ಹೇಳುವುದರ ತಿರುಳು ಇದು. ಇದಕ್ಕೆ ಎಷ್ಟು ತೂಕ ಬೇಕು ಅನ್ನುವುದೇ ಹಳೇ ಜಗಳ.

ಕರಿಮದ್ದಿನ ಕಾಲದಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಕರಿಮದ್ದಿಗೆ ಗುಂಡನ್ನು ಜಾಸ್ತಿ ವೇಗದಲ್ಲಿ ನೂಕುವ ಶಕ್ತಿ ಇಲ್ಲ. ಹಾಗಾಗಿ ಪೆಟ್ಟು ಬಲವಾಗಬೇಕಾದರೆ ಸೀಸ ಹೆಚ್ಚಿಸಬೇಕು. 4 ಬೋರ್ ಅಂದರೆ ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು, ಒಂದೊಂದೂ ಸುಮಾರು 10 ತೊಲ! ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಆನೆಗೆ ಬಳಸುತ್ತಿದ್ದದ್ದು ಇಂಥ ಕೋವಿ. ಆಫ್ರಿಕಾ ಸುತ್ತಿದ ಸ್ಯಾಮ್ಯುಯೆಲ್ ಬೇಕರ್ ಅರ್ಧ ಪೌಂಡಿನ ಗುಂಡು ಹಾರಿಸುವ ಕೋವಿಯನ್ನೇ ಇಟ್ಟುಕೊಂಡಿದ್ದ. ಅದು 20 ತೊಲದ ಹತ್ತಿರ. ಹೊಡೆದವನ ಭುಜದ ಗತಿ ಏನಾಗಿರಬೇಡ!

1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ಸೇನಾ ರೈಫಲ್ ತಂದಿತು. ವೇಗ ಒಮ್ಮೆಲೇ ಏರಿತು. ಆ ವೇಗಕ್ಕೆ ಬರೀ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತೆ, ಅದಕ್ಕೇ ಮೇಲೊಂದು ಗಟ್ಟಿ ಲೋಹದ ಕವಚ ಬಂತು. ಗುಂಡು ಸಣ್ಣದಾಯಿತು, ಉದ್ದವಾಯಿತು. ಗೋಣಿಚೀಲಕ್ಕೆ ಹೆಬ್ಬೆರಳು ಒತ್ತಿದರೆ ತೂರಲ್ಲ, ದಬ್ಬಳ ತೂರುತ್ತೆ ಅಲ್ವಾ? ಹಾಗೇ ಇದೂ. ಬರೀ ತೂಕವಲ್ಲ, ಆ ತೂಕ ಎಷ್ಟು ಸಣ್ಣ ತುದಿಯ ಹಿಂದೆ ಇದೆ ಅನ್ನುವುದು ಮುಖ್ಯ.

ಇದನ್ನು ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿ ಮೆದುಳು ಎಲ್ಲಿದೆ ಅಂತ ನೋಡಿಕೊಂಡ. 173 ಗ್ರೇನಿನ, ಅಂದರೆ ಒಂದು ತೊಲಕ್ಕೂ ಕಡಿಮೆ ತೂಕದ ಗುಂಡಿನಿಂದ ನೂರಾರು ಆನೆ ಹೊಡೆದ. ದಂತದ ವ್ಯಾಪಾರಿ ಅವನು. ನೀತಿವಂತ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಗುರಿ ಗೊತ್ತಿತ್ತು. ಆ ಕೈ ಎಲ್ಲರಿಗೂ ಬರುವಂಥದ್ದಲ್ಲ. ಆಫ್ರಿಕಾದ ಹಲವು ದೇಶಗಳು ಆನೆ, ಕಾಡೆಮ್ಮೆಗಳಿಗೆ .375 (ಗುಂಡಿನ ದಪ್ಪ 0.375 ಇಂಚು) ರೈಫಲ್‌ಗಿಂತ ಚಿಕ್ಕದು ಕೂಡದು ಅಂತ ನಿಯಮ ಮಾಡಿವೆ. ಅದರ ಮಾಮೂಲಿ ಗುಂಡು 300 ಗ್ರೇನಿನದು.

ಪೇಚಿಗೆ ಸಿಕ್ಕವನು ಅಮೆರಿಕದ ಜಾನ್ ನೋಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಶಿಕಾರಿಗೆ ಹೋಗಿದ್ದ. ಮೈಗೆಲ್ಲ ಕೆಸರು ಮೆತ್ತಿಕೊಂಡ ಒಂದು ಮೂಸ್. ಈಡು ಸರಿಯಾದ ಜಾಗಕ್ಕೇ ಬಿತ್ತು, ಆದರೆ ಗುಂಡು ಒಳಗೆ ಇಳಿಯಲಿಲ್ಲ. ಮೇಲ್ಗಡೆಯೇ ಚೂರಾಯಿತು. ಮನೆಗೆ ಬಂದು ಗುಂಡಿನ ನಡುವೆ ಒಂದು ಗೋಡೆ ಬಿಟ್ಟು ಹೊಸದು ಮಾಡಿದ. ಮುಂಭಾಗ ಅರಳುತ್ತೆ, ಹಿಂಭಾಗ ಹಾಗೇ ಉಳಿದು ಒಳಗೆ ನುಗ್ಗುತ್ತೆ. 1948ರಲ್ಲಿ ಅದು ಮಾರಾಟಕ್ಕೆ ಬಂತು. ಹೊರಡುವಾಗ ಗುಂಡು ಎಷ್ಟು ತೂಗುತ್ತೆ ಅನ್ನುವುದಕ್ಕಿಂತ ಪ್ರಾಣಿಯೊಳಗೆ ಎಷ್ಟು ಉಳಿಯುತ್ತೆ ಅನ್ನುವುದು ಮಾತಾಯಿತು.

ಈಗ ತೂಕ ಇಳಿಸುತ್ತಿರುವುದು ತಾಮ್ರ. ಶಿಕಾರಿಯವರು ಬಿಟ್ಟುಹೋದ ಮಾಂಸದಲ್ಲಿ ಸೀಸದ ಚೂರು ಇರುತ್ತೆ. ಅದನ್ನು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ವಿಷವೇರಿ ಸತ್ತವು. ಅಲ್ಲಿ 2019ರ ಜುಲೈನಿಂದ ಶಿಕಾರಿಗೆ ಸೀಸ ಪೂರ್ತಿ ಬಂದ್. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತೆ. ಆದರೆ ಒಡೆಯಲ್ಲ. ಹಾಗಾಗಿ 180 ಗ್ರೇನಿನ ಗುಂಡು ಬಳಸುತ್ತಿದ್ದವರು 165, 150 ಗ್ರೇನಿಗೆ ಇಳಿಯುತ್ತಿದ್ದಾರೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಲೆಕ್ಕ ಹಳೇ ಮಾತು. ನಾರ್ವೆಯಲ್ಲಿ ಅದು ಇವತ್ತಿಗೂ ಕಾನೂನು. ಮೂಸ್‌ಗೆ ಗುಂಡು ಕನಿಷ್ಠ 9 ಗ್ರಾಂ, ಅಂದರೆ ಮುಕ್ಕಾಲು ತೊಲ, ಇರಬೇಕು. 10 ಗ್ರಾಂಗಿಂತ ಕಡಿಮೆಯಿದ್ದರೆ 100 ಮೀಟರ್ ದೂರದಲ್ಲಿ 2700 ಜೂಲ್ ಶಕ್ತಿ ಬೇಕು, 10 ಅಥವಾ ಹೆಚ್ಚಿದ್ದರೆ 2200 ಸಾಕು. ಅದರ ಜೊತೆಗೆ ಪ್ರತಿ ವರ್ಷ ಪರೀಕ್ಷೆ: ಮೊದಲು 30 ಈಡು ಅಭ್ಯಾಸ, ಆಮೇಲೆ 100 ಮೀಟರಿನಿಂದ ಐದು ಈಡು. ಐದೂ 30 ಸೆಂಟಿಮೀಟರ್ ಅಗಲದ ವೃತ್ತದೊಳಗೇ ಬೀಳಬೇಕು.