ಆಟಿಸಂ, ಎಡಿಎಚ್‌ಡಿ ಕುರಿತು ನಗುತ್ತಾ ಮಾತನಾಡುವುದು ಅವಮಾನವೇ?

ಪ್ರಶ್ನೆ: ಆಟಿಸಂ (ಇತರರೊಂದಿಗಿನ ಒಡನಾಟ, ಸಂವಹನದ ರೀತಿ ಭಿನ್ನವಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲಿಸುವುದು ಕಷ್ಟವಾಗುವುದು, ಅತಿಚಟುವಟಿಕೆ) ಮುಂತಾದ ಸ್ಥಿತಿಗಳನ್ನು ಕೆಲವರು ಹಾಸ್ಯ ಪ್ರದರ್ಶನಗಳ ಮೂಲಕ ವಿವರಿಸುತ್ತಾರೆ. ಇದರಿಂದ ಆ ಸ್ಥಿತಿಯುಳ್ಳವರಿಗೆ ಅವಮಾನವಾಗುವುದಿಲ್ಲವೇ? ವಿಜ್ಞಾನವೂ ಹಗುರವಾಗುವುದಿಲ್ಲವೇ?

ಉತ್ತರ: ಅವಮಾನವಾಗುವುದೂ ಉಂಟು, ಆಗದಿರುವುದೂ ಉಂಟು. ನಗು ಯಾರ ಮೇಲೆ ಬೀಳುತ್ತಿದೆ, ನಕ್ಕ ಮೇಲೆ ಕೇಳುಗರಿಗೆ ಮೊದಲು ತಿಳಿಯದಿದ್ದ ಏನಾದರೂ ತಿಳಿಯಿತೇ ಎಂಬುದನ್ನು ನೋಡಿಯೇ ಅದನ್ನು ನಿರ್ಧರಿಸಬೇಕಾಗುತ್ತದೆ.

ಆಸ್ಟ್ರೇಲಿಯಾದ ಹಾಸ್ಯ ಕಲಾವಿದರಾದ ಹ್ಯಾನಾ ಗ್ಯಾಡ್ಸ್‌ಬಿ ಅವರಿಗೆ ತಮಗೆ ಆಟಿಸಂ ಇದೆಯೆಂದು ಗೊತ್ತಾದದ್ದು ದೊಡ್ಡವರಾದ ಮೇಲೆ. 2020ರಲ್ಲಿ ಬಿಡುಗಡೆಯಾದ ‘ಡಗ್ಲಸ್’ ಪ್ರದರ್ಶನದಲ್ಲಿ ಅವರು ಬಾಲ್ಯದ ಇಂಗ್ಲಿಷ್ ವ್ಯಾಕರಣದ ಪಾಠವೊಂದನ್ನು ನೆನೆಯುತ್ತಾರೆ. ‘ಒಳಗೆ’, ‘ಮೇಲೆ’, ‘ಹಿಂದೆ’ ಎಂಬಂತಹ ಪದಗಳು ಒಂದು ವಸ್ತುವಿಗೂ ಪೆಟ್ಟಿಗೆಗೂ ಇರುವ ಸಂಬಂಧವನ್ನು ತಿಳಿಸುತ್ತವೆ ಎಂಬ ವಿವರಣೆಯನ್ನು ಮಗು ಅಕ್ಷರಶಃ ಹಿಡಿದುಕೊಂಡು, ಪೆಟ್ಟಿಗೆಯೇ ಏಕೆ, ಪೆಂಗ್ವಿನ್‌ಗೂ ಪೆಟ್ಟಿಗೆಗೂ ಏನು ಸಂಬಂಧ ಎಂಬ ಧಾಟಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತದೆ. ಪ್ರೇಕ್ಷಕರು ಮೊದಲು ಮಗುವಿನ ಪಟ್ಟಿಗೆ ನಗುತ್ತಾರೆ. ನಗುತ್ತಿರುವಾಗಲೇ ಆ ಪಟ್ಟಿನಲ್ಲಿ ತರ್ಕವಿದೆ, ಕುಂಟುತ್ತಿರುವುದು ಪಾಠದ ವಿವರಣೆ ಎಂಬುದು ಅವರಿಗೆ ಹೊಳೆಯುತ್ತದೆ. ಆಟಿಸಂ ಉಳ್ಳವರ ಯೋಚನೆಯ ಕ್ರಮವನ್ನು ಇಷ್ಟು ಒಳಗಿನಿಂದ ತೋರಿಸುವ ಉಪನ್ಯಾಸಗಳು ಕಡಿಮೆ. ಇದೇ ಕಲಾವಿದರು 2018ರ ‘ನ್ಯಾನೆಟ್’ ಪ್ರದರ್ಶನದಲ್ಲಿ, ಸಮಾಜದ ಅಂಚಿನಲ್ಲಿರುವವರು ತಮ್ಮನ್ನು ತಾವೇ ಹಳಿದುಕೊಂಡು ನಗಿಸುವುದು ವಿನಯವಲ್ಲ, ಅವಮಾನ ಎಂದು ಹೇಳಿ, ಅಂತಹ ಹಾಸ್ಯವನ್ನು ಇನ್ನು ಮಾಡುವುದಿಲ್ಲವೆಂದಿದ್ದರು. ತನ್ನ ಬಗ್ಗೆ ತಾನೇ ಜೋಕು ಹೇಳಿಕೊಂಡರೆ ಯಾವ ದೋಷವೂ ಇಲ್ಲ ಎಂದು ನಂಬಿದವರು ಈ ಮಾತನ್ನು ಗಮನಿಸಬೇಕು.

ಆಟಿಸಂ ಉಳ್ಳವರಿಗೆ ಹಾಸ್ಯಪ್ರಜ್ಞೆಯೇ ಇಲ್ಲವೆಂಬ ಕಲ್ಪನೆಗೆ ವೈದ್ಯಕೀಯ ಸಾಹಿತ್ಯದಲ್ಲಿಯೇ ಬೇರುಗಳಿವೆ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ 1944ರ ತಮ್ಮ ಪ್ರಬಂಧದಲ್ಲಿ, ಇಂತಹ ಮಕ್ಕಳಿಗೆ ಜೋಕು ಅರ್ಥವಾಗುವುದಿಲ್ಲ, ವಿಶೇಷವಾಗಿ ತಮ್ಮ ಮೇಲೆಯೇ ಮಾಡಿದ ಜೋಕು ಅರ್ಥವಾಗುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. (ತನ್ನನ್ನೇ ಗುರಿಮಾಡಿದ ಜೋಕಿಗೆ ಮನಸಾರೆ ನಗುವ ಮಗು ಎಲ್ಲಿದೆಯೋ!) ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಉಳ್ಳವರು, 2012ರಲ್ಲಿ ಬೇರೆಯದೇ ವಾದವನ್ನು ಮುಂದಿಟ್ಟರು: ಅರ್ಥವಾಗದಿರುವಿಕೆ ಒಂದು ಕಡೆಯ ಕೊರತೆಯಲ್ಲ, ಎರಡೂ ಕಡೆಯವರು ಪರಸ್ಪರ ಅರ್ಥಮಾಡಿಕೊಳ್ಳಲು ಸೋಲುತ್ತಾರೆ.

ಈ ವಾದದ ಪರೀಕ್ಷೆಗೆ ಸಂಶೋಧಕರು ಬಳಸಿದ್ದು, ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟಿಸುವ ಮಕ್ಕಳ ಆಟವನ್ನೇ ಹೋಲುವ ವಿಧಾನವನ್ನು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟೆಂಟು ಜನರ ಸರಪಳಿಗಳಲ್ಲಿ ಒಂದು ಕಥೆಯನ್ನು ದಾಟಿಸಲಾಯಿತು. ಆಟಿಸಂ ಉಳ್ಳವರಷ್ಟೇ ಇದ್ದ ಸರಪಳಿಗಳು ಇತರರ ಸರಪಳಿಗಳಿಗೆ ಸಮನಾಗಿ ವಿವರಗಳನ್ನು ಉಳಿಸಿಕೊಂಡರೆ, ಇಬ್ಬರೂ ಬೆರೆತ ಸರಪಳಿಗಳಲ್ಲಿ ವಿವರಗಳು ಬೇಗ ಕಳಚಿಹೋದವು. ಮುನ್ನೂರಕ್ಕೂ ಹೆಚ್ಚು ಜನರೊಂದಿಗೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆರೆತ ಸರಪಳಿಗಳ ಹಿನ್ನಡೆ ಕಂಡುಬರಲಿಲ್ಲ. ಆದರೆ ಆಟಿಸಂ ಉಳ್ಳವರು ಮಾತು ದಾಟಿಸುವುದರಲ್ಲಿ ಹಿಂದಿಲ್ಲ ಎಂಬುದು ಎರಡರಲ್ಲೂ ಕಂಡಿತು. ವಿಜ್ಞಾನ ಹಗುರವಾಗುವುದು ನಗುವಿನಿಂದಲ್ಲ. ಇಂತಹ ಎರಡನೆಯ ಅಧ್ಯಯನವನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳಿದಾಗ.

ಅವಮಾನದ ಗೆರೆಯನ್ನು ನಮ್ಮ ಸುಪ್ರೀಂ ಕೋರ್ಟ್ ಕೂಡ ಗುರುತಿಸಿದೆ. ಚಲನಚಿತ್ರವೊಂದರಲ್ಲಿ ಅಂಗವಿಕಲರನ್ನು ಚಿತ್ರಿಸಿದ ರೀತಿಯ ವಿರುದ್ಧ ಸಲ್ಲಿಕೆಯಾಗಿದ್ದ ಮೊಕದ್ದಮೆಯಲ್ಲಿ 2024ರ ಜುಲೈನಲ್ಲಿ ತೀರ್ಪಿತ್ತ ನ್ಯಾಯಾಲಯವು, ಅಂಗವೈಕಲ್ಯದ ಕುರಿತ ರೂಢಿಗತ ತಿಳಿವಳಿಕೆಯನ್ನು ಪ್ರಶ್ನಿಸುವ ಹಾಸ್ಯವನ್ನೂ ಅಂಗವಿಕಲರನ್ನು ಕೀಳಾಗಿಸುವ ಹಾಸ್ಯವನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಹೇಳಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಇವೆ, ಎಡಿಎಚ್‌ಡಿ ಇಲ್ಲ. ಆದರೂ ಈ ವಿವೇಚನೆ ಅದಕ್ಕೂ ಒಪ್ಪುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅವಮಾನಕ್ಕಿಂತಲೂ ಅತಿಸರಳೀಕರಣ. ಬಿಬಿಸಿ ರೇಡಿಯೊದಲ್ಲಿ 2009ರಲ್ಲಿ ಆರಂಭವಾದ ‘ದಿ ಇನ್‌ಫಿನಿಟ್ ಮಂಕಿ ಕೇಜ್’ ಕಾರ್ಯಕ್ರಮವನ್ನು ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಅವರೊಂದಿಗೆ ವರ್ಷಗಟ್ಟಲೆ ನಡೆಸಿಕೊಟ್ಟ ಹಾಸ್ಯಗಾರ ರಾಬಿನ್ ಇನ್ಸ್, ಐವತ್ತು ದಾಟಿದ ಮೇಲೆ ತಮಗೆ ಎಡಿಎಚ್‌ಡಿ ಇರುವುದನ್ನು ಅರಿತು ಆ ಬಗ್ಗೆ ಪುಸ್ತಕವನ್ನೇ ಬರೆದರು. ಹೀಗೆ ದೀರ್ಘವಾಗಿ, ಕುತೂಹಲದಿಂದ ಹೇಳಲು ಅವಕಾಶವಿದ್ದಾಗ ಹಾಸ್ಯ ವಿಷಯವನ್ನು ಕೆಡಿಸುವುದಿಲ್ಲ. ಅರ್ಧ ನಿಮಿಷದ ತಮಾಷೆಯ ವಿಡಿಯೊಗಳ ಕಥೆ ಬೇರೆ. ಎಡಿಎಚ್‌ಡಿ ಕುರಿತ ಅತಿ ಜನಪ್ರಿಯ 100 ಟಿಕ್‌ಟಾಕ್ ವಿಡಿಯೊಗಳನ್ನು ಪರಿಶೀಲಿಸಿದ ಕೆನಡಾದ ಸಂಶೋಧಕರು 2022ರಲ್ಲಿ ಅವುಗಳಲ್ಲಿ 52 ದಾರಿತಪ್ಪಿಸುವಂತಿವೆ ಎಂದು ವರದಿ ಮಾಡಿದರು. ಬೀಗದ ಕೈ ಎಲ್ಲಿಟ್ಟೆನೆಂದು ಮರೆತವರೆಲ್ಲ ‘ನನಗೂ ಎಡಿಎಚ್‌ಡಿ’ ಎಂದು ನಗುವುದು ಇಂತಹ ವಿಡಿಯೊಗಳ ಫಲವೇ. ಆ ಮಾತು ಯಾರನ್ನೂ ಬೈಯುವುದಿಲ್ಲ, ಆದರೆ ನಿಜಕ್ಕೂ ಕಷ್ಟಪಡುತ್ತಿರುವವರ ದೂರನ್ನು ಸುಲಭವಾಗಿ ತಳ್ಳಿಹಾಕುವಂತೆ ಮಾಡುತ್ತದೆ.

ಆದ್ದರಿಂದ ಒಂದು ಪ್ರದರ್ಶನವನ್ನೋ ವಿಡಿಯೊವನ್ನೋ ನೋಡಿ ‘ಇದು ನನ್ನದೇ ಕಥೆ’ ಎನ್ನಿಸಿದವರು ಅಲ್ಲಿಗೇ ನಿಲ್ಲದೆ ಮನೋವೈದ್ಯರನ್ನೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ಕಾಣುವುದು ಒಳ್ಳೆಯದು. ಎಡಿಎಚ್‌ಡಿಯ ವಿಷಯದಲ್ಲಿ ಅವರು ಮುಖ್ಯವಾಗಿ ವಿಚಾರಿಸುವುದು, ಲಕ್ಷಣಗಳಲ್ಲಿ ಹಲವಾರು 12 ವರ್ಷ ತುಂಬುವ ಮೊದಲೇ ಇದ್ದವೇ, ಮನೆ ಮತ್ತು ಶಾಲೆ ಅಥವಾ ಕಚೇರಿಯಂತಹ ಕನಿಷ್ಠ ಎರಡು ಕಡೆ ಕಾಣಿಸುತ್ತವೆಯೇ, ಓದಿಗೋ ಕೆಲಸಕ್ಕೋ ಸಂಬಂಧಗಳಿಗೋ ಅವುಗಳಿಂದ ನಿಜವಾದ ತೊಡಕಾಗುತ್ತಿದೆಯೇ ಎಂಬುದನ್ನು. ಹಳೆಯ ಶಾಲಾ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ಬಾಲ್ಯದಲ್ಲಿ ನಿಮ್ಮನ್ನು ಹತ್ತಿರದಿಂದ ಕಂಡವರನ್ನು ಕರೆದೊಯ್ಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.